ರೀಲಿಗಿಳಿದ ರೋಹಿಣಿ

ಶಿಗ್ಗಾವಿ, ಸವಣೂರು, ಹಾನಗಲ್ಲ, ಹಿರೇಕೆರೂರು ತಾಲ್ಲೂಕುಗಳ ಒಕ್ಕಲು ಮನೆಯಲ್ಲಿ ಹುಟ್ಟಿದವರಿಗೆ ನಕ್ಷತ್ರಗಳ ಹೆಸರನ್ನು ಯಾರೂ ಕೂಡಿಸಿಕೊಂಡು ಕಲಿಸಬೇಕಾಗಿಲ್ಲ. ಭರಣಿ ಆಯಿತು, ಕೃತ್ತಿಕೆ ಹುಸಿ ಹೋಯಿತು, ರೋಹಿಣಿ ಕೂಡಿತು, ಮಿರಗಕ್ಕೆ ಕೂರಿಗೆ ಹೂಡಬೇಕು, ಪುಷ್ಯ ಹಿಡಿದರೆ ಬಿಡುವುದಿಲ್ಲ ಎಂಬ ಮಾತು ಕಟ್ಟೆಯ ಮೇಲೆ, ಬಸ್ ನಿಲ್ದಾಣದಲ್ಲಿ, ಗೊಬ್ಬರದ ಅಂಗಡಿಯ ಮುಂದೆ ಬೇಸಿಗೆ ಮುಗಿಯುವ ಮುಂಚೆಯೇ ಶುರುವಾಗುತ್ತದೆ. ಹಾನಗಲ್ಲ ಕಡೆ ಕೂರಿಗೆ ಭತ್ತ ಬಿತ್ತುವವರು ರೋಹಿಣಿಯ ದಾರಿ ಕಾಯುತ್ತಾರೆ. ನಾನೂ ಅಂಥ ಮನೆಯವನೇ. ಶಿಗ್ಗಾವಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿ, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ, ಈಗ ನಿವೃತ್ತನಾಗಿದ್ದೇನೆ. ಮಳೆಗೆ ಹೆಸರು ಕೊಟ್ಟ ಆ ಚುಕ್ಕಿಗಳನ್ನು ಹಳೆಯ ರೀಲು ಕ್ಯಾಮೆರಾದಲ್ಲಿ ಹಿಡಿಯುವ ಕೆಲಸದ ಬಗ್ಗೆ ಇವತ್ತು ಮಾತಾಡುತ್ತೇನೆ.

ಒಂದು ಜನವರಿಯ ರಾತ್ರಿ. ನಮ್ಮ ಹೊಲದ ಬದುವಿನ ಮೇಲೆ ಸ್ಟ್ಯಾಂಡು ಹೂಡಿ, ಕ್ಯಾಮೆರಾದ ಮೂತಿಯನ್ನು ನೆತ್ತಿಗೆ ಎತ್ತಿ ಕೂತಿದ್ದೆ. ಪಕ್ಕದ ಹೊಲದಲ್ಲಿ ಬಿಳಿಜೋಳ ಕಾಯಲು ಮಲಗಿದ್ದ ಹಿರಿಯರೊಬ್ಬರು ಕಂಬಳಿ ಹೊದ್ದು ಹತ್ತಿರ ಬಂದರು.

"ಏನ್ ಮಾಸ್ತರ, ಇಷ್ಟೊತ್ತಿನ್ಯಾಗ ಯಾರ ಫೋಟೋ ಹೊಡ್ಯಾಕತ್ತೀರಿ?"

"ರೋಹಿಣಿದ್ರಿ ಕಾಕಾ."

"ರೋಹಿಣಿ ಬರಾಕ ಇನ್ನ ನಾಕೈದ ತಿಂಗಳ ಐತಲ್ಲ. ಈಗ ಎಲ್ಲೀ ರೋಹಿಣಿ?"

ನಾನು ಮೇಲೆ ತೋರಿಸಿದೆ. ಕೆಂಪಗೆ ಉರಿಯುವ ಒಂದು ಚುಕ್ಕಿ, ಅದರ ಜೊತೆಗೆ ನೇಗಿಲ ಗುಳದ ಹಾಗೆ ಎರಡು ಸಾಲು ಸಣ್ಣ ಚುಕ್ಕಿ. ಅಲ್ಲಿಂದ ತುಸು ದೂರದಲ್ಲಿ ಕೈತುಂಬ ಹಿಡಿಯಬಹುದೆನ್ನುವಂಥ ಕೃತ್ತಿಕೆಯ ಗೊಂಚಲು. ಕಾಕಾ ತಲೆಯ ಮೇಲಿನ ಕಂಬಳಿ ಸರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು: "ಹುಡುಗ ಇದ್ದಾಗಿಂದ ಇದರ ಹೆಸರ ಹೇಳಕೋಂತ ಬಿತ್ತೇನಿ. ಇದರ ಮಾರಿ ಇವತ್ತ ನೋಡಿದೆ ನೋಡ್ರಿ."

ಆ ಮಾತು ನನ್ನನ್ನು ಬಿಟ್ಟು ಹೋಗಿಲ್ಲ. ಅವರಿಗೆ ಗೊತ್ತಿರಲಿಲ್ಲ ಎನ್ನುವುದರಲ್ಲಿ ಅವರ ತಪ್ಪು ಒಂದಿಷ್ಟೂ ಇಲ್ಲ. ಪಂಚಾಂಗದಲ್ಲಿ ರೋಹಿಣಿ ಮಳೆ ಎಂದರೆ ಸೂರ್ಯ ರೋಹಿಣಿಯಲ್ಲಿರುವ ದಿನಗಳು, ಮೇ 25ರ ಸುಮಾರಿನಿಂದ ಎರಡು ವಾರ. ಸೂರ್ಯ ಎಲ್ಲಿದ್ದಾನೋ ಆ ಚುಕ್ಕಿ ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ. ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತದೆ. ಅಂದರೆ ಯಾವ ಹದಿನೈದು ದಿನ ನಾವು ಒಂದು ನಕ್ಷತ್ರದ ಹೆಸರನ್ನು ಹೆಚ್ಚು ಹೇಳುತ್ತೇವೋ ಆ ಹದಿನೈದು ದಿನ ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನಕ್ಷತ್ರಗಳು ದಿನಕ್ಕೆ ಸುಮಾರು ನಾಲ್ಕು ನಿಮಿಷ ಮುಂಚಿತವಾಗಿ ಹುಟ್ಟುತ್ತ ಹುಟ್ಟುತ್ತ ಆರು ತಿಂಗಳಿಗೆ ರಾತ್ರಿಯ ಕಡೆ ಬರುತ್ತವೆ. ಮುಂಗಾರಿನ ಚುಕ್ಕಿಗಳನ್ನು ಹಿಂಗಾರಿನ ಬೆಳೆ ಹೊಲದಲ್ಲಿ ನಿಂತಾಗಲೇ ನೋಡಬೇಕು.

ಇನ್ನೊಂದು ವಿಶೇಷವಿದೆ. ಈ ಮಳೆಯ ಹೆಸರುಗಳಲ್ಲಿ ಮೂರು, ಒಂಟಿ ಚುಕ್ಕಿಗಳ ಹೆಸರಾಗಿ ಉಳಿದಿಲ್ಲ. ಕೃತ್ತಿಕೆ ಪೂರ್ತಿ ಒಂದು ನಕ್ಷತ್ರ ಗುಚ್ಛ. ರೋಹಿಣಿಯ ಬೆನ್ನಿಗಿರುವ ಗುಳದ ಆಕಾರದ ಚುಕ್ಕಿಗಳು ಇನ್ನೊಂದು ಗುಚ್ಛ. ಇಂಗ್ಲಿಷಿನಲ್ಲಿ ಅದಕ್ಕೆ ಹಯಡೀಸ್ ಎನ್ನುತ್ತಾರೆ. ಪುಷ್ಯದ ಮಗ್ಗುಲಲ್ಲಿ, ಕತ್ತಲೆಯ ರಾತ್ರಿಯಲ್ಲಿ ಊದಿದ ಬೂದಿಯಂತೆ ಕಾಣುವುದು ಮೂರನೆಯ ಗುಚ್ಛ. ಒಂದೇ ಮೋಡದಿಂದ ಒಟ್ಟಿಗೆ ಹುಟ್ಟಿ ಒಟ್ಟಿಗೇ ಸಾಗುತ್ತಿರುವ ಚುಕ್ಕಿಗಳ ಕುಟುಂಬಕ್ಕೆ ಗುಚ್ಛ ಎನ್ನುತ್ತೇವೆ. ರೋಹಿಣಿಯ ಕೆಂಪು ಚುಕ್ಕಿ ಮಾತ್ರ ಆ ಮನೆಯದಲ್ಲ. ಗುಚ್ಛ ನಮ್ಮಿಂದ ಸುಮಾರು 150 ಜ್ಯೋತಿರ್ವರ್ಷ ದೂರದಲ್ಲಿದೆ, ಕೆಂಪು ಚುಕ್ಕಿ 65ರಲ್ಲೇ ನಿಂತಿದೆ. ನಮ್ಮ ಕಣ್ಣಿನ ಸಾಲಿಗೆ ಅದು ಅಡ್ಡ ಬಂದಿದೆ ಅಷ್ಟೇ.

ಈ ಹುಚ್ಚು ನನಗೆ ಹತ್ತಿದ್ದು ಒಂದು ಕಳೆದುಕೊಂಡ ಮಧ್ಯಾಹ್ನದಿಂದ. 1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣ. ಅದರ ನೆರಳಿನ ಪಟ್ಟಿ ಅಂಕೋಲೆಯ ಕಡಲತೀರ ಹತ್ತಿ, ಹುಬ್ಬಳ್ಳಿಯ ಸೀಮೆ ಹಾದು, ರಾಯಚೂರಿನ ಕಡೆಗೆ ಹೋಯಿತು. ನಮ್ಮ ಶಿಗ್ಗಾವಿ ಆ ಪಟ್ಟಿಯ ಒಳಗೇ ಇತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ದೂರದರ್ಶಕ, ಕ್ಯಾಮೆರಾ ಹೊತ್ತು ರಾಯಚೂರು ಜಿಲ್ಲೆಯ ಜವಳಗೇರಾಕ್ಕೆ ಬಂದು ಬೀಡುಬಿಟ್ಟಿದ್ದರು. ನಾನು ಆಗ ಏಳನೆಯ ಇಯತ್ತೆ. ಮನೆಯ ಬಾಗಿಲು, ಕಿಟಕಿ, ಬೆಳಕಿಂಡಿ ಎಲ್ಲ ಮುಚ್ಚಿ ನಮ್ಮನ್ನು ಒಳಗೆ ಕೂಡಿಸಿದರು. ಮೂರೂವರೆ ದಾಟಿದ ಮೇಲೆ ಬಾಗಿಲ ಸಂದಿಯ ಬೆಳಕು ಮೊದಲು ಹಳದಿ ತಿರುಗಿತು, ಆಮೇಲೆ ಬೂದಿಯಾಯಿತು, ಆಮೇಲೆ ಇಲ್ಲವಾಯಿತು. ಕೋಳಿಗಳು ಗೂಡು ಸೇರುವ ಸದ್ದು ಕೇಳಿತು. ಎರಡು ನಿಮಿಷಕ್ಕೂ ಮೇಲೆ ನಮ್ಮ ಅಂಗಳದಲ್ಲಿ ಹಗಲು ನಕ್ಷತ್ರ ಕಾಣುವಷ್ಟು ಕತ್ತಲೆ ನಿಂತಿತ್ತು. ನಾನು ಹತ್ತು ಹೆಜ್ಜೆ ದೂರದಲ್ಲಿ ಒಳಗೋಣೆಯಲ್ಲಿದ್ದೆ. ಹಿರಿಯರ ಅಂಜಿಕೆ ಸುಳ್ಳಲ್ಲ, ಗ್ರಹಣದ ಸೂರ್ಯನನ್ನು ಬರಿಗಣ್ಣಿಂದ ನೋಡಿದರೆ ಕಣ್ಣು ಹೋಗುತ್ತದೆ. ಆದರೂ ಆ ಸಂದಿಯ ಬೆಳಕು ನನ್ನಲ್ಲಿ ಉಳಿಯಿತು. ಕೆಲಸ ಸಿಕ್ಕ ಮೇಲೆ ಜಿ.ಟಿ. ನಾರಾಯಣ ರಾಯರ ಕನ್ನಡ ಪುಸ್ತಕಗಳನ್ನು ಹಿಡಿದು ಆಕಾಶ ಓದಲು ಕೂತೆ. ಹುಬ್ಬಳ್ಳಿಯಲ್ಲಿ ಕೈ ಬದಲಾದ ಒಂದು ರಷ್ಯನ್ ಜೆನಿತ್ ಕ್ಯಾಮೆರಾ ಕೊಂಡೆ. 58 ಮಿಲಿಮೀಟರಿನ ಲೆನ್ಸು, ಸಂಪೂರ್ಣ ಯಂತ್ರದ್ದು, ಬ್ಯಾಟರಿ ಇಲ್ಲ. ಶಟರಿನ ಗುಂಡಿಯನ್ನು 'ಬಿ' ಎಂಬಲ್ಲಿಟ್ಟು, ಕೇಬಲ್ ಒತ್ತಿ ತಿರುಪು ಬಿಗಿದರೆ ಬೇಕಾದಷ್ಟು ಹೊತ್ತು ತೆರೆದೇ ಇರುತ್ತದೆ. ಚುಕ್ಕಿ ಹಿಡಿಯುವವನಿಗೆ ಬೇಕಾದ್ದು ಇಷ್ಟೇ.

ಮೊದಲ ರೀಲು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯದು, ಕಪ್ಪು ಬಿಳುಪು. ಅದರ ಹೆಸರು 'ಇಂದು'. ಚಂದ್ರನ ಹೆಸರಿನ ರೀಲಿನಲ್ಲಿ ಚುಕ್ಕಿ ಹಿಡಿಯುತ್ತೇನೆಂದು ಹಿಗ್ಗಿದ್ದೆ. ಎರಡು ರಾತ್ರಿ ಕೂತು ಮುಗಿಸಿ ಪೇಟೆಯ ಒಂದು ಸ್ಟುಡಿಯೋಕ್ಕೆ ತೊಳೆಯಲು ಕೊಟ್ಟೆ. ಮರುದಿನ ಹೋದರೆ, "ಸರ, ರೀಲ್ ಖಾಲಿ ಐತ್ರಿ, ಏನೂ ಬಂದಿಲ್ಲ" ಎಂದು ಮುದುಡಿ ಕೈಗಿತ್ತರು. ಅಲ್ಲೇ ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಖಾಲಿ ಇರಲಿಲ್ಲ. ಬಿಳಿ ಅರಿವೆಯ ಮೇಲೆ ಕರಿಎಳ್ಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಚುಕ್ಕಿ ಇದ್ದವು. ಆದರೆ ಒಂದು ಚಿತ್ರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಕತ್ತರಿಸುವವರಿಗೆ ಕಂಡಿರಲಿಲ್ಲ. ಕತ್ತರಿ ಕೃತ್ತಿಕೆಯ ನಡುವೆಯೇ ಹಾದುಹೋಗಿತ್ತು. ಆ ತುಂಡು ಈಗಲೂ ನನ್ನ ಟ್ರಂಕಿನಲ್ಲಿದೆ.

ಅದಕ್ಕೆ ಒಂದು ಉಪಾಯವಿದೆ, ರಾತ್ರಿ ಆಕಾಶದ ಫೋಟೋ ತೆಗೆಯುವವರೆಲ್ಲ ಕಲಿಯುವಂಥದು. ರೀಲಿನ ಮೊದಲ ಚಿತ್ರವನ್ನು ಹಗಲಿನಲ್ಲಿ ತೆಗೆಯಬೇಕು. ಅದರ ಅಂಚು ಸ್ಪಷ್ಟ ಇರುತ್ತದೆ. ಅಲ್ಲಿಂದ ಅಳೆದುಕೊಂಡು ಹೋದರೆ ಉಳಿದವು ಸರಿಯಾಗಿ ಕತ್ತರಿಸಿ ಬರುತ್ತವೆ. ಅಂದಿನಿಂದ ನನ್ನ ಪ್ರತಿ ರೀಲಿಗೂ ಒಂದು ಹಗಲಿನ ಬಾಗಿಲು ಇದೆ. ಒಂದರಲ್ಲಿ ಸವಣೂರಿನ ಮಠದ ದೊಡ್ಡ ಹುಣಸೆ ಮರಗಳು. ಜನ ಅವನ್ನು ದೊಡ್ಡ ಹುಣಸೆ ಎಂದರೂ ಅವು ಆಫ್ರಿಕಾ ಮೂಲದ ಬಾವೊಬಾಬ್. ಇನ್ನೊಂದರಲ್ಲಿ ನಮ್ಮವ್ವ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತದ್ದು. ಹಾನಗಲ್ಲಿನ ತಾರಕೇಶ್ವರ ಗುಡಿಯ ಮಂಟಪದ ಮೇಲ್ಛಾವಣಿಯಲ್ಲಿ ಇಳಿಬಿದ್ದ ಕಲ್ಲಿನ ಕಮಲ ಮತ್ತೊಂದರಲ್ಲಿ. ಆ ಅವ್ವ ಈಗ ಇಲ್ಲ. ಅವಳ ಚಿತ್ರ ಬೇಕೆಂದಾಗ ನಾನು ಆಲ್ಬಮ್ ತೆಗೆಯುವುದಿಲ್ಲ, ಆ ವರ್ಷದ ಪುಷ್ಯದ ನೆಗೆಟಿವ್ ತೆಗೆಯುತ್ತೇನೆ.

ಈಗ ಕೆಲಸದ ಮಾತು. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಅಲುಗದಂತೆ ಇಟ್ಟು ಹತ್ತು ಸೆಕೆಂಡು ತೆರೆದರೆ ಚುಕ್ಕಿ ಚುಕ್ಕಿಯಾಗಿಯೇ ಬರುತ್ತದೆ. ಒಂದು ನಿಮಿಷ ತೆರೆದರೆ, ನನ್ನ 58 ಮಿಲಿಮೀಟರ್ ಲೆನ್ಸಿನಲ್ಲಿ, ಸುಮಾರು ಕಾಲು ಮಿಲಿಮೀಟರ್ ಗೆರೆಯಾಗುತ್ತದೆ. ಕಾಲು ಮಿಲಿಮೀಟರ್ ಎಷ್ಟು ಮಹಾ ಎಂದೀರಿ. ಆ ನೆಗೆಟಿವಿನಲ್ಲಿ ಇಡೀ ಕೃತ್ತಿಕೆ ಎರಡೇ ಮಿಲಿಮೀಟರ್, ಒಂದು ಸಾಸಿವೆ ಕಾಳಿನಷ್ಟು. ಸಾಸಿವೆಯೊಳಗೆ ಕುಟುಂಬವೊಂದು ಇರುವಾಗ ಕಾಲು ಮಿಲಿಮೀಟರ್ ಎಂದರೆ ಎಲ್ಲರೂ ಕಲಸಿಹೋಗುತ್ತಾರೆ. 135 ಮಿಲಿಮೀಟರ್ ಲೆನ್ಸು ಹಾಕಿದರೆ ಕೃತ್ತಿಕೆ ಜೋಳದ ಕಾಳಿನಷ್ಟಾಗುತ್ತದೆ, ಆದರೆ ಗೆರೆಯೂ ಅಷ್ಟೇ ಹೆಚ್ಚುತ್ತದೆ. ಹೆಚ್ಚು ಚುಕ್ಕಿ ಬೇಕಾದರೆ ಹೆಚ್ಚು ಹೊತ್ತು ತೆರೆಯಬೇಕು, ಹೆಚ್ಚು ಹೊತ್ತು ತೆರೆದರೆ ಭೂಮಿ ತಿರುಗಿಬಿಡುತ್ತದೆ. ಹಾಗಾದರೆ ಕ್ಯಾಮೆರಾವನ್ನೂ ಭೂಮಿಗೆ ಎದುರಾಗಿ ಅದೇ ವೇಗದಲ್ಲಿ ತಿರುಗಿಸಬೇಕು.

ಅದಕ್ಕೆ ಸಾವಿರಾರು ರೂಪಾಯಿಯ ಯಂತ್ರ ಬೇಡ. ಜಾರ್ಜ್ ಹೇಗ್ ಎಂಬ ಸ್ಕಾಟ್ಲೆಂಡಿನ ಹವ್ಯಾಸಿಯೊಬ್ಬರು 1970ರ ದಶಕದಲ್ಲಿ ಒಂದು ಸರಳ ಸಾಧನ ತೋರಿಸಿಕೊಟ್ಟರು: ಎರಡು ಹಲಗೆ, ನಡುವೆ ಬಾಗಿಲಿಗೆ ಹಾಕುವ ಬಿಜಾಗರಿ, ಒಂದು ಬೋಲ್ಟು. ಕೆಳಗಿನ ಹಲಗೆ ಅಲುಗದು. ಬೋಲ್ಟು ತಿರುಗಿಸಿದಂತೆ ಮೇಲಿನ ಹಲಗೆ ಬಾಗಿಲಿನ ಹಾಗೆ ಮೆಲ್ಲನೆ ತೆರೆಯುತ್ತದೆ. ಅದರ ಮೇಲೆ ಕ್ಯಾಮೆರಾ. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 6 ಎಂಎಂ ಬೋಲ್ಟು ಒಂದು ಸುತ್ತಿಗೆ ಒಂದು ಮಿಲಿಮೀಟರ್ ಏರುತ್ತದೆ. ಬಿಜಾಗರಿಯ ನಡುವಿನಿಂದ ಬೋಲ್ಟಿಗೆ 228.6 ಮಿಲಿಮೀಟರ್ ಅಂತರವಿಟ್ಟು, ನಿಮಿಷಕ್ಕೆ ಸರಿಯಾಗಿ ಒಂದು ಸುತ್ತು ಕೊಟ್ಟರೆ, ಹಲಗೆ ಆಕಾಶದ ಜೊತೆಗೇ ಸಾಗುತ್ತದೆ. ಆಕಾಶ ಒಂದು ಸುತ್ತು ಬರುವುದು 24 ತಾಸಿಗಲ್ಲ, 23 ತಾಸು 56 ನಿಮಿಷಕ್ಕೆ. ಆ ನಾಲ್ಕು ನಿಮಿಷವನ್ನೂ ಈ ಅಳತೆಯಲ್ಲಿ ಸೇರಿಸಿದೆ. ನಾನು ಬೋಲ್ಟಿನ ತುದಿಗೆ ಒಂದು ತಟ್ಟೆ ಕೂಡಿಸಿ ನಾಲ್ಕು ಗುರುತು ಹಾಕಿದ್ದೇನೆ. ಹದಿನೈದು ಸೆಕೆಂಡಿಗೆ ಕಾಲು ಸುತ್ತು. ಹತ್ತು ನಿಮಿಷದ ಚಿತ್ರಕ್ಕೆ ನಲವತ್ತು ಸಲ. ಕಾಲು ತಾಸು ದಾಟಿದ ಮೇಲೆ ಈ ಹಲಗೆ ಮೆಲ್ಲಗೆ ಲೆಕ್ಕ ತಪ್ಪುತ್ತದೆ, ಆದ್ದರಿಂದ ಅಷ್ಟರೊಳಗೆ ಮುಗಿಸಬೇಕು.

ಬಿಜಾಗರಿಯ ಅಕ್ಷ ಧ್ರುವ ನಕ್ಷತ್ರದ ಕಡೆ ಇರಬೇಕು. ಯುರೋಪಿನ ಪುಸ್ತಕಗಳ ಚಿತ್ರದಲ್ಲಿ ಅದು ಕಡಿದಾಗಿ ಎದ್ದು ನಿಂತಿರುತ್ತದೆ, ಯಾಕೆಂದರೆ ಅಲ್ಲಿ ಧ್ರುವ ಅರ್ಧ ಆಕಾಶಕ್ಕೂ ಮೇಲಿದೆ. ನಮ್ಮ ನಾಲ್ಕೂ ತಾಲ್ಲೂಕುಗಳು ಇರುವುದು ಹದಿನೈದು ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಶಿಗ್ಗಾವಿ, ಸವಣೂರು ಹೆಚ್ಚುಕಡಿಮೆ 15, ಹಿರೇಕೆರೂರು ಹದಿನಾಲ್ಕೂವರೆ. ಧ್ರುವ ನಮಗೆ ಅಷ್ಟೇ ಎತ್ತರದಲ್ಲಿ ಕಾಣುತ್ತದೆ. ಕೈ ನೀಡಿ ಮುಷ್ಟಿ ಹಿಡಿದರೆ ದಿಗಂತದಿಂದ ಒಂದೂವರೆ ಮುಷ್ಟಿ. ಹಾಗಾಗಿ ನಮ್ಮ ಬಿಜಾಗರಿ ಬಹುತೇಕ ಮಲಗಿಯೇ ಇರುತ್ತದೆ: 30 ಸೆಂಟಿಮೀಟರ್ ಉದ್ದಕ್ಕೆ ಉತ್ತರದ ತುದಿ ಸುಮಾರು 8 ಸೆಂಟಿಮೀಟರ್ ಎತ್ತರ. ನಮ್ಮೂರ ಬಡಿಗೇರ ಅಣ್ಣ ಇದನ್ನು ಮಾಡಿಕೊಡುವಾಗ, "ಇಷ್ಟ ಸಣ್ಣ ಬಾಗಿಲಾ ಯಾವ ಮನಿಗ್ರೀ?" ಎಂದು ಕೇಳಿದ. ಒಂದು ರಾತ್ರಿ ಅವನನ್ನೂ ಹೊಲಕ್ಕೆ ಕರೆದೊಯ್ದೆ. ಅವನ ಕೈಕೆಲಸದ ಮೇಲೆ ಕೂತ ಕ್ಯಾಮೆರಾ ತೆಗೆದ ಕೃತ್ತಿಕೆಯನ್ನು ಭೂತಗನ್ನಡಿ ಹಿಡಿದು ಇಬ್ಬರೂ ಎಣಿಸಿದೆವು. ಬರಿಗಣ್ಣಿಗೆ ಆರು. ಗೆಲಿಲಿಯೊ 1610ರಲ್ಲಿ ತನ್ನ ದೂರದರ್ಶಕದಿಂದ ನೋಡಿ ಬರೆದದ್ದು 36. ನಮ್ಮ ಬಿಜಾಗರಿಯ ಚಿತ್ರದಲ್ಲಿ 41 ಸಿಕ್ಕವು. ಬಡಿಗೇರ ಅಣ್ಣ ಎರಡನೆಯ ಸಲ ಎಣಿಸಿ ಆದ ಮೇಲೆಯೇ ನಂಬಿದ.

ಎಣಿಸುವವರಿಗೆ ಒಂದು ಎಚ್ಚರಿಕೆ. ನೆಗೆಟಿವಿನ ಮೇಲೆ ಕೂತ ಧೂಳೂ ಚುಕ್ಕಿಯ ಹಾಗೆಯೇ ಕಾಣುತ್ತದೆ. ಅದಕ್ಕೇ ಒಂದೇ ಜಾಗದ ಎರಡು ಚಿತ್ರ ತೆಗೆಯಬೇಕು. ಎರಡರಲ್ಲೂ ಅದೇ ಸ್ಥಳದಲ್ಲಿ ಇದ್ದದ್ದು ಮಾತ್ರ ಚುಕ್ಕಿ.

ರೀಲಿನ ಸ್ವಭಾವವನ್ನೂ ಹೇಳಬೇಕು, ಏಕೆಂದರೆ ಚುಕ್ಕಿ ಹಿಡಿಯುವವನ ನಿಜವಾದ ಜಟಾಪಟಿ ಅದರ ಜೊತೆಗೇ. ರೀಲಿನ ಮೇಲೆ ಬೆಳ್ಳಿಯ ಲವಣದ ಸಣ್ಣ ಹರಳುಗಳಿರುತ್ತವೆ. ಒಂದು ಹರಳಿಗೆ ಬೆಳಕಿನ ಕಣಗಳು ಬೆನ್ನುಬೆನ್ನಿಗೆ ಕೆಲವಾದರೂ ತಾಗಬೇಕು, ಆಗ ಅದು ತೊಳೆದಾಗ ಕಪ್ಪಾಗುತ್ತದೆ. ಮೊದಲ ಕಣ ಬಂದು, ಎರಡನೆಯದು ತಡ ಮಾಡಿದರೆ, ಮೊದಲನೆಯದರ ಗುರುತು ಅಳಿಸಿಹೋಗುತ್ತದೆ. ಹನಿ ಹನಿ ಕೂಡಿ ಹಳ್ಳ ಎನ್ನುತ್ತೇವೆ. ಎರೆಹೊಲದ ಬಿರುಕಿನ ಮೇಲೆ ಹನಿ ತೀರ ನಿಧಾನ ಬಿದ್ದರೆ ಮಣ್ಣೇ ಕುಡಿದುಬಿಡುತ್ತದೆ, ಹಳ್ಳ ಹರಿಯುವುದಿಲ್ಲ. ಮಂದ ಚುಕ್ಕಿಯ ಬೆಳಕು ರೀಲಿಗೆ ಹಾಗೆಯೇ. ಎರಡು ಪಟ್ಟು ಹೊತ್ತು ತೆರೆದರೆ ಎರಡು ಪಟ್ಟು ಚಿತ್ರ ಸಿಗುವುದಿಲ್ಲ. ಕಪ್ಪುಕುಳಿಗಳ ಗಣಿತದಿಂದ ಮುಂದೆ ಹೆಸರಾದ ಕಾರ್ಲ್ ಶ್ವಾರ್ತ್ಸ್‌ಚೈಲ್ಡ್, ತರುಣನಾಗಿ ವಿಯೆನ್ನಾದ ಕುಫ್ನರ್ ವೀಕ್ಷಣಾಲಯದಲ್ಲಿದ್ದಾಗ ಚುಕ್ಕಿಗಳ ಫೋಟೋ ಪ್ಲೇಟು ಅಳೆಯುತ್ತ ಈ ನಷ್ಟಕ್ಕೆ ಸೂತ್ರ ಕಟ್ಟಿದ. ಅದನ್ನು ಗೆಲ್ಲಲು ಹವ್ಯಾಸಿಗಳು ಏನೇನೋ ಮಾಡಿದ್ದಾರೆ. ಕೊಡ್ಯಾಕ್ ಕಂಪನಿಯ ಟೆಕ್ನಿಕಲ್ ಪ್ಯಾನ್ ಎಂಬ ನಯವಾದ ರೀಲನ್ನು ಜಲಜನಕ ಬೆರೆತ ಅನಿಲದಲ್ಲಿ ಬೇಯಿಸಿ ಅದರ ಹಸಿವು ಹೆಚ್ಚಿಸುತ್ತಿದ್ದರು. ಆ ರೀಲು ನಿಂತು ಇಪ್ಪತ್ತು ವರ್ಷ ದಾಟಿತು. ನಾನು ಸುಲಭದ ದಾರಿ ಹಿಡಿದಿದ್ದೇನೆ: 400ರ ವೇಗದ ರೀಲು, ಲೆನ್ಸಿನ ಕಣ್ಣು 2.8ಕ್ಕೆ, ಹತ್ತು ನಿಮಿಷ. ಸಾಕು.

ಆಕಾಶಕ್ಕೆ ಕ್ಯಾಮೆರಾ ತೋರಿಸುವುದು ಹೊಸದಲ್ಲ. ಸೂರ್ಯನನ್ನು ಬಿಟ್ಟರೆ ಫೋಟೋಕ್ಕೆ ಸಿಕ್ಕ ಮೊದಲ ನಕ್ಷತ್ರ ಅಭಿಜಿತ್, 1850ರ ಜುಲೈ 17ರಂದು ಅಮೆರಿಕದ ಹಾರ್ವರ್ಡಿನಲ್ಲಿ. 1885ರ ನವೆಂಬರಿನಲ್ಲಿ ಪ್ಯಾರಿಸ್ಸಿನ ಹೆನ್ರಿ ಸಹೋದರರು ಕೃತ್ತಿಕೆಯ ಪ್ಲೇಟು ತೊಳೆದಾಗ, ಒಂದು ಚುಕ್ಕಿಯ ಸುತ್ತ ಮಂಜಿನಂಥ ಮಸುಕು ಕಂಡಿತು. ಅದುವರೆಗೆ ಅಲ್ಲಿ ಅದನ್ನು ಯಾವ ಕಣ್ಣೂ ಕಂಡಿರಲಿಲ್ಲ. ಚುಕ್ಕಿಗಳ ಬೆಳಕನ್ನು ಹಿಂದಿರುಗಿಸುವ ಧೂಳಿನ ಮೋಡ ಅದು. ಕಣ್ಣು ಒಂದು ಕ್ಷಣದ್ದನ್ನು ಅದೇ ಕ್ಷಣ ಮರೆತು ಮುಂದೆ ಹೋಗುತ್ತದೆ, ಪ್ಲೇಟು ಮಾತ್ರ ತಾಸುಗಟ್ಟಲೆ ಕೂಡಿಟ್ಟುಕೊಳ್ಳುತ್ತದೆ ಎಂಬುದು ಆಗ ಜಗತ್ತಿಗೆ ಚೆನ್ನಾಗಿ ಮನವರಿಕೆಯಾಯಿತು.

ಎರಡೇ ವರ್ಷಕ್ಕೆ, 1887ರಲ್ಲಿ, ಇಡೀ ಆಕಾಶವನ್ನು ಹಂಚಿಕೊಂಡು ಫೋಟೋ ತೆಗೆಯಲು ಜಗತ್ತಿನ ವೀಕ್ಷಣಾಲಯಗಳು ಕೂಡಿ ಗೊತ್ತುಮಾಡಿಕೊಂಡವು. ಆ ಪಾಲಿನಲ್ಲಿ ಒಂದು ತುಂಡು ಮುಂದೆ ನಮ್ಮ ನೆರೆಯ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯಕ್ಕೆ ಬಂತು. ಆಕಾಶದ ದಕ್ಷಿಣದ 17ರಿಂದ 23 ಡಿಗ್ರಿಯ ಪಟ್ಟಿ, ಆಮೇಲೆ ಉತ್ತರದ ಇನ್ನೊಂದು. ಲಕ್ಷಗಟ್ಟಲೆ ಚುಕ್ಕಿಗಳ ಸ್ಥಾನ ಅಳೆದು ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದರು. ಆ ಪ್ಲೇಟುಗಳಲ್ಲಿ ಎರಡು ಡಿಗ್ರಿಗೆ 120 ಮಿಲಿಮೀಟರ್. ನನಗೆ ಸಾಸಿವೆಯಷ್ಟಾಗುವುದು ಅಲ್ಲಿ ಅಂಗೈ ದಾಟುತ್ತದೆ. ಲುಬ್ಧಕದ ಕೆಳಗೆ ಒಂದು ಚೆಂದದ ಗುಚ್ಛವಿದೆ, ಮೆಸ್ಯೆ ಎಂಬವನು ಮಾಡಿದ ಪಟ್ಟಿಯ 41ನೆಯದು. ಅದು ಸರಿಯಾಗಿ ನಿಜಾಮಿಯಾದ ಪಾಲಿನ ಪಟ್ಟಿಯೊಳಗೇ ಬರುತ್ತದೆ. ಅದರ ಚಿತ್ರ ತೆಗೆಯುವಾಗಲೆಲ್ಲ, ಇದೇ ದಖನ್ನಿನ ಆಕಾಶದ ಕೆಳಗೆ ಎಷ್ಟೋ ರಾತ್ರಿ ಕಣ್ಣು ಕೆಂಪು ಮಾಡಿಕೊಂಡು ಕೂತ ಆ ಜನ ನೆನಪಾಗುತ್ತಾರೆ. ಅವರಲ್ಲೊಬ್ಬರ ಮಗನೇ ವೇಣು ಬಾಪು. ಆ ಹುಡುಗ ಬೆಳೆದು 1949ರಲ್ಲಿ ಹಾರ್ವರ್ಡಿಗೆ ವಿದ್ಯಾರ್ಥಿಯಾಗಿ ಹೋದ, ಫೋಟೋ ಪ್ಲೇಟಿನಲ್ಲಿ ಹೊಸ ಧೂಮಕೇತು ಕಂಡುಹಿಡಿದ, ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ. ನಾನು ಒಳಗೋಣೆಯಲ್ಲಿ ಕೂತಿದ್ದ ಮಧ್ಯಾಹ್ನ ಜವಳಗೇರಾದಲ್ಲಿ ಬೀಡುಬಿಟ್ಟಿದ್ದು ಅದೇ ಸಂಸ್ಥೆ.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ನಾಲ್ಕು ಬಗೆಯ ರಾತ್ರಿ. ಹಾನಗಲ್ಲ ಮಲೆನಾಡಿನ ಅಂಚು, ಕೆರೆ, ಗದ್ದೆ. ಹನ್ನೊಂದರ ಮೇಲೆ ಲೆನ್ಸಿನ ಮೇಲೆ ಇಬ್ಬನಿ ಕೂತುಬಿಡುತ್ತದೆ. ಆನೆಕೆರೆಯ ದಂಡೆಯಲ್ಲಿ ಒಂದು ಇಡೀ ರಾತ್ರಿ ಹೀಗೆ ಕಳೆದುಕೊಂಡ ಮೇಲೆ, ಬಿಸಿ ಮರಳನ್ನು ಹಳೆಯ ಕಾಲುಚೀಲದಲ್ಲಿ ತುಂಬಿ ಲೆನ್ಸಿನ ಕೊರಳಿಗೆ ಕಟ್ಟುವುದನ್ನು ಕಲಿತೆ. ಸವಣೂರಿನ ಬಯಲು ಒಣ, ಆಕಾಶ ದಿಗಂತದವರೆಗೆ ತೆರೆದಿರುತ್ತದೆ. ಪುಷ್ಯದ ಗುಚ್ಛಕ್ಕೆ ನಾನು ಅಲ್ಲಿಗೇ ಹೋಗುವುದು. ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಕೋಟೆಯ ಹತ್ತಿರ ಕೂತರೆ ನಸುಕಿನಲ್ಲಿ ನವಿಲುಗಳು ಕೂಗಿ, ಇನ್ನು ಶಟರು ಮುಚ್ಚು ಎಂದು ಹೇಳುತ್ತವೆ. ಆದರೆ ಪುಣೆ–ಬೆಂಗಳೂರು ಹೆದ್ದಾರಿಯ ದೀಪಗಳಿಂದ ಆ ಕಡೆಯ ಆಕಾಶ ವರ್ಷ ವರ್ಷ ಬೆಳ್ಳಗಾಗುತ್ತಿದೆ. ಇದು ನನಗೆ ನೋವಿನ ಸಂಗತಿ. ಮೂವತ್ತು ವರ್ಷದ ಹಿಂದೆ ಹತ್ತು ನಿಮಿಷ ತೆರೆದರೂ ನೆಗೆಟಿವಿನ ಹಿನ್ನೆಲೆ ತಿಳಿಯಾಗಿರುತ್ತಿತ್ತು. ಈಗ ಅದೇ ಜಾಗದಲ್ಲಿ ಐದು ನಿಮಿಷಕ್ಕೇ ಮಬ್ಬು ಕವಿಯುತ್ತದೆ. ಬೀದಿದೀಪದ ತಲೆಗೆ ಒಂದು ತಗಡಿನ ಟೊಪ್ಪಿಗೆ ಹಾಕಿ ಬೆಳಕನ್ನು ನೆಲಕ್ಕೆ ಇಳಿಸಿದರೆ ದಾರಿಯೂ ಹೆಚ್ಚು ಬೆಳಗುತ್ತದೆ, ಚುಕ್ಕಿಯೂ ಉಳಿಯುತ್ತದೆ. ಪಂಚಾಯ್ತಿಯವರು ಕೇಳುತ್ತಿದ್ದರೆ ದಯವಿಟ್ಟು ಇದನ್ನು ಯೋಚಿಸಬೇಕು.

ಹಿರೇಕೆರೂರು ದಕ್ಷಿಣಕ್ಕೆ. ಅಲ್ಲಿಗೆ ನಾನು ಏಪ್ರಿಲಿನಲ್ಲಿ ಹೋಗುತ್ತೇನೆ, ಸೆಂಟಾರಸ್ ಮಂಡಲದ ಒಮೆಗಾ ಎಂಬ ಗೋಳಗುಚ್ಛಕ್ಕಾಗಿ. ಬ್ರಿಟನ್ನಿನಲ್ಲಿ ಅದು ಹುಟ್ಟುವುದೇ ಇಲ್ಲ. ನಮಗೆ ದಕ್ಷಿಣ ದಿಗಂತದಿಂದ ಎರಡೂವರೆ ಮುಷ್ಟಿಗೂ ಮೇಲೆ ಏರಿ ನಿಲ್ಲುತ್ತದೆ. ಬರಿಗಣ್ಣಿಗೆ ಒಂದು ಮಸುಕು ಚುಕ್ಕಿ. ನಿಜದಲ್ಲಿ ಸುಮಾರು ಒಂದು ಕೋಟಿ ನಕ್ಷತ್ರಗಳ ಉಂಡೆ, 17,000 ಜ್ಯೋತಿರ್ವರ್ಷ ದೂರ. ನನ್ನ ನೆಗೆಟಿವಿನಲ್ಲಿ ಅದು ಸಾಸಿವೆಗಿಂತ ಸಣ್ಣದು. ಆದರೂ ಭೂತಗನ್ನಡಿಯಲ್ಲಿ ಅದರ ಅಂಚು ಹತ್ತಿಯ ಅರಳೆಯಂತೆ ಬಿಚ್ಚಿಕೊಂಡಿರುವುದು ಕಾಣುತ್ತದೆ. ಅದನ್ನು ಮೊದಲ ಸಲ ಕಂಡ ರಾತ್ರಿ ನಾನು ಯಾರನ್ನಾದರೂ ಎಬ್ಬಿಸಿ ಹೇಳಬೇಕೆಂದು ಒದ್ದಾಡಿದ್ದೆ.

ಜ್ಯೋತಿರ್ವರ್ಷ ಎಂದರೆ ಮಕ್ಕಳಿಗೆ ಅಂಕಿ ಹೇಳಿದರೆ ತಾಗುವುದಿಲ್ಲ. ನಮ್ಮ ಸೀಮೆಯ ಜನರಿಂದಲೇ ಹೇಳುತ್ತೇನೆ. ರೋಹಿಣಿಯ ಗುಚ್ಛದಿಂದ ಇವತ್ತು ನನ್ನ ರೀಲಿಗೆ ಬಿದ್ದ ಬೆಳಕು ಹೊರಟಾಗ, ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ ಷರೀಫ ಸಾಹೇಬರು ಬದುಕಿದ್ದರು. ಕೃತ್ತಿಕೆಯ ಬೆಳಕಿಗೆ ಸುಮಾರು 440 ವರ್ಷ. ಅದು ಹೊರಟದ್ದು ಇದೇ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ಶತಮಾನದಲ್ಲಿ. ಪುಷ್ಯದ್ದು ಸುಮಾರು 600 ವರ್ಷ, ವಿಜಯನಗರದ ಪ್ರೌಢದೇವರಾಯನ ಕಾಲದ ಹತ್ತಿರ. ವೃಶ್ಚಿಕದ ಬಾಲದ ಬಳಿ ಬೇಸಿಗೆಯಲ್ಲಿ ಕಾಣುವ ದೊಡ್ಡ ಗುಚ್ಛದ್ದು ಸಾವಿರಕ್ಕೆ ಸ್ವಲ್ಪ ಕಡಿಮೆ, ಹಾನಗಲ್ಲಿನಲ್ಲಿ ಕದಂಬರು ಆಳುತ್ತಿದ್ದ ದಿನಗಳದ್ದು. ಹೀಗೆ ಹೇಳಿದಾಗ ಒಬ್ಬ ಹುಡುಗಿ ನೆಗೆಟಿವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಅದರಲ್ಲಿ ಏನೋ ಚೆಲ್ಲಿಹೋಗಬಹುದೆನ್ನುವಂತೆ.

ಈಗಿನ ಮೊಬೈಲಿನಲ್ಲೇ ಚುಕ್ಕಿ ಬರುತ್ತದಲ್ಲ, ಈ ರೀಲಿನ ತಾಪತ್ರಯ ಯಾಕೆ ಎಂದು ಹುಡುಗರು ಕೇಳುತ್ತಾರೆ. ಬರುತ್ತದೆ, ಚೆನ್ನಾಗಿಯೂ ಬರುತ್ತದೆ, ತೆಗೆಯಿರಿ. ನನಗೆ ರೀಲು ಬೇಕಾಗಿರುವುದು ಅದು ನನ್ನನ್ನು ಕೂಡಿಸುವುದಕ್ಕೆ. 36 ಚಿತ್ರ, ಕೈ ಸುಡುವ ಬೆಲೆ, ಒಂದೊಂದಕ್ಕೂ ಹತ್ತು ನಿಮಿಷ. ಆ ಹತ್ತು ನಿಮಿಷ ಒಂದೇ ಗುಚ್ಛದ ಕೆಳಗೆ ಬೋಲ್ಟು ತಿರುಗಿಸುತ್ತ ಕೂರಬೇಕು. ಕೂತಾಗ ಕಣ್ಣು ಪಳಗುತ್ತದೆ. ಮೊದಲು ಕಾಣದ ಏಳನೆಯ ಚುಕ್ಕಿ ಕಾಣುತ್ತದೆ. ಇನ್ನೊಂದು ಕಾರಣ, ನೆಗೆಟಿವ್ ಕೈಯಲ್ಲಿ ಹಿಡಿಯುವ ವಸ್ತು. ನನ್ನ ನಂತರ ಟ್ರಂಕು ತೆರೆದವರು ದೀಪಕ್ಕೆ ಹಿಡಿದರೆ ಸಾಕು, ಯಾವ ಯಂತ್ರವೂ ಬೇಡ.

ನಿಮ್ಮ ಮನೆಯ ಅಟ್ಟದ ಮೇಲೆ, ಮದುವೆ ಕಾಲದ ಹಳೆಯ ಕ್ಯಾಮೆರಾ ಇದ್ದರೆ ಕೆಳಗಿಳಿಸಿರಿ. ಶಟರಿನ ಗುಂಡಿಯಲ್ಲಿ 'ಬಿ' ಎಂಬ ಅಕ್ಷರವಿದ್ದರೆ ಕೆಲಸಕ್ಕೆ ಬರುತ್ತದೆ. ಕಾರ್ತಿಕ ಮಾಸದಲ್ಲಿ ಹೊತ್ತು ಮುಳುಗಿದ ಮೇಲೆ ಪೂರ್ವಕ್ಕೆ ನಿಂತರೆ ಕೃತ್ತಿಕೆ ಏರಿ ಬರುವುದು ಕಾಣುತ್ತದೆ. ಆದರೆ ಚಿತ್ರಕ್ಕೆ ನನ್ನ ಮೆಚ್ಚಿನ ರಾತ್ರಿ ಎಳ್ಳ ಅಮಾವಾಸ್ಯೆ. ಎರೆಸೀಮೆಯಲ್ಲಿ ಅಂದು ಹಗಲೆಲ್ಲ ಜನ ಹೊಲದಲ್ಲಿರುತ್ತಾರೆ, ಚರಗ ಚೆಲ್ಲಿ ಉಂಡು ಮನೆಗೆ ಬರುತ್ತಾರೆ. ನಾನು ಹಿಂದಿರುಗುವುದಿಲ್ಲ. ಚಂದ್ರನಿಲ್ಲದ ಆ ರಾತ್ರಿ ಒಂಬತ್ತು ಹತ್ತರ ಹೊತ್ತಿಗೆ ಕೃತ್ತಿಕೆಯೂ ರೋಹಿಣಿಯೂ ನೆತ್ತಿಯ ಮೇಲಿರುತ್ತವೆ, ಪೂರ್ವದಿಂದ ಪುಷ್ಯ ಏರುತ್ತಿರುತ್ತದೆ. ಬರುವವರು ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡು ಬರಬೇಕು, ಕಣ್ಣಿನ ಕತ್ತಲೆ ಕೆಡಬಾರದು.

ಕ್ಯಾಮೆರಾಕ್ಕೆ ಹೊಸ ರೀಲು ಮೊನ್ನೆಯೇ ಹಾಕಿದೆ. ಕಂಬಳಿಯ ಆ ಕಾಕಾ ಅದನ್ನು ನೋಡಿ, "ಮಾಸ್ತರ, ನಂದೂ ಒಂದ ತಗೀರಿ. ರೋಹಿಣಿ ಬಾಜೂಕ ಇರ್ಲಿ" ಎಂದರು. ಹಗಲಿನ ಚಿತ್ರ ಹೇಗೂ ಬೇಕಾಗಿತ್ತು. ತಮ್ಮ ಹೊಲದ ಬದುವಿನ ಮೇಲೆ ರುಮಾಲು ಸರಿಮಾಡಿಕೊಂಡು ನಿಂತರು, ಒಂದನೆಯ ಫ್ರೇಮು ಅವರದು. ಉಳಿದ ಮೂವತ್ತೈದು ಅಮಾವಾಸ್ಯೆಯ ದಾರಿ ಕಾಯುತ್ತಿವೆ.